ಇನ್ನೂರೈವತ್ತೊಂದು ಅಡಿ

ಸ್ಟೋನ್ ಫೆರಿ, ಅಯೋವಾ
ಮೇ 18, 1952

ಪ್ರಿಯ ಆಂಟನ್,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ವಾರ ತಡವಾಯಿತು. ಏಪ್ರಿಲ್‌ನಲ್ಲಿ ನದಿ ಏರಿದ್ದನ್ನು ನೀನು ಅಲ್ಲಿಯ ಪತ್ರಿಕೆಯಲ್ಲಿ ಓದಿರುತ್ತೀ. ನಮ್ಮ ಚಿಪ್ಪಿನ ಅಂಗಿಗುಂಡಿ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ನಾವು ಮೂವತ್ತು ವರ್ಷ ಕೊರೆದು ಎಸೆದ ಚಿಪ್ಪುಗಳ ರಾಶಿ ಒಂದೇ ದಿನದಲ್ಲಿ ತಾನು ಬಂದ ನದಿಗೆ ಹಿಂದಿರುಗಿತು. ಈಗ ಹನ್ನೊಂದು ಯಂತ್ರ ಮಾತ್ರ ತಿರುಗುತ್ತಿವೆ. ನಾನು ಇನ್ನೂ ವಿಂಗಡಣೆಯ ಕೋಣೆಯಲ್ಲಿದ್ದೇನೆ. ವಿಂಗಡಿಸುವುದಕ್ಕೆ ಹೆಚ್ಚೇನಿಲ್ಲ, ಊರಿನ ಪಾದ್ರಿಯ ಅಂಗಿಗೂ ಪ್ಲಾಸ್ಟಿಕ್ ಗುಂಡಿ ಬಂದಿದೆ.

ಬೇಸ್‌ಬಾಲ್ ಮೈದಾನದ ಬಲಗಡೆಯ ದಂಡೆ ಕುಸಿಯಿತು. ಬೇಲಿ, ಬೇಲಿಯ ಹಿಂದಿನ ಕಾಲುದಾರಿ, ನೀನು ಊಟಕ್ಕೆ ಕೂರುತ್ತಿದ್ದ ಬೆಂಚು, ಎಲ್ಲ ಹೋದವು. ಹೊಸ ಬೇಲಿ ಹಾಕಿದ್ದಾರೆ, ಸ್ವಲ್ಪ ಒಳಗೆ. ಹಾಕದಿದ್ದರೆ ನಮ್ಮ ಕ್ಲಾಮರ್ಸ್ ತಂಡವನ್ನು ಲೀಗ್‌ನಿಂದ ತೆಗೆದುಬಿಡುತ್ತಿದ್ದರು.

ಇನ್ನು ನೀನು ಕಾಯುತ್ತಿರುವ ಸುದ್ದಿ. ಕಳೆದ ವರ್ಷ ಇಡೀ ಬೇಸಿಗೆಯಲ್ಲಿ ನಮ್ಮ ತಂಡ ಬೇಲಿ ದಾಟಿಸಿ ಹೊಡೆದದ್ದು ಹತ್ತೊಂಬತ್ತು ಹೋಮ್ ರನ್. ಈ ವರ್ಷ ಎರಡೇ ವಾರದಲ್ಲಿ ಹದಿನಾಲ್ಕು ಆಗಿವೆ. ಅದರಲ್ಲಿ ಮೂರು ನಿನ್ನ ಮಗನದು. ಇಂದು ಎಮಿಲ್ ಹೊಡೆದದ್ದು ಬೇಲಿಯ ಮೇಲಿನಿಂದ ನೇರವಾಗಿ ನದಿಗೆ ಬಿತ್ತು. ಆಮೇಲೆ ಕ್ಷೌರಿಕ ರಾಸ್ಮಸ್ ಎದ್ದು, "ಲವೊನ್, ನಿನ್ನ ಗಂಡನಿಗೆ ಏನು ತಿನ್ನಿಸ್ತಾ ಇದೀಯಮ್ಮ?" ಎಂದ. ನಿನ್ನ ಸೊಸೆ ತಲೆ ಎತ್ತದೆ, "ಅವನು ತಿನ್ನೋದನ್ನೇ ನಿಮಗೂ ಹಾಕ್ತೀನಿ ಬನ್ನಿ, ಆಮೇಲೆ ಬರೀ ಆಲೂಗಡ್ಡೆ ಅಂತ ಗೊಣಗಬಾರದು" ಎಂದಳು.

ಕಾಗದದ ಜೊತೆ ಅಂಕದ ಹಾಳೆಯ ಪ್ರತಿ ಇಟ್ಟಿದ್ದೇನೆ. ಊಟ ಮಾಡುತ್ತಿದ್ದೀಯಾ?

ಆರ್ವಿಲ್ ಟುಫ್ಟೆ


ಅರಿಜೋನಾ
ಮೇ 27

ಆರ್ವಿಲ್,

ನಿನ್ನ ಕಾಗದವನ್ನು ಆಸ್ಪತ್ರೆಯ ಇಡೀ ವರಾಂಡಕ್ಕೆ ಓದಿ ಹೇಳಿದೆ. ಇಲ್ಲಿ ಹನ್ನೆರಡು ಹಾಸಿಗೆ, ಸಾಲಾಗಿ, ಎಲ್ಲವೂ ಬಿಸಿಲಿಗೆ ಮುಖ ಮಾಡಿ. ಪಕ್ಕದ ಹಾಸಿಗೆಯ ಟೆಕ್ಸಾಸಿನ ದನಗಾಹಿ, "ನಿನ್ನ ಮಗ ಹೊಡೆದ್ರೆ ನೀನು ಯಾಕಯ್ಯಾ ಏದುಸಿರು ಬಿಡ್ತೀಯ, ಓಡಿದ್ದು ಅವನು" ಎನ್ನುತ್ತಾನೆ. ನಾನು ಮೂರು ಸಲ ಓದಿದೆ. ಮೂರನೆಯ ಸಲ ಅವನೇ ಕೇಳಿದ್ದು.

ಊಟ ಮಾಡುತ್ತೇನೆ. ಎರಡು ಪೌಂಡ್ ಏರಿದ್ದೇನೆ. ಚಿಪ್ಪಿನ ಧೂಳು ಎದೆಯಲ್ಲಿ ಇರುವಷ್ಟು ಇರುತ್ತದೆ, ಅದಕ್ಕೆ ಮರಳುಗಾಡಿನ ಗಾಳಿ ಏನು ಮಾಡೀತು ಎಂದು ವೈದ್ಯರೇ ಹೇಳುತ್ತಾರೆ, ಆದರೆ ನಗುತ್ತಾ ಹೇಳುತ್ತಾರೆ.

ಒಂದು ಮಾತು. ಹನ್ನೆರಡು ಬೇಸಿಗೆ ಆ ಹುಲ್ಲು ಕತ್ತರಿಸಿದವನು ನಾನು. ಕಾಲುದಾರಿಯೂ ಹೋಗಿದೆ ಎಂದರೆ ದಂಡೆ ಎಷ್ಟು ಉಳಿದಿದೆ? ಅಳೆಯುವಾಗ ಟೇಪಿನ ಆ ತುದಿ ಹಿಡಿದವರು ಯಾರು? ಬ್ಯಾಟು ಹಿಡಿದು ನಿಲ್ಲುವ ಜಾಗದಿಂದ ಇನ್ನೂರೈವತ್ತು ಅಡಿಗಿಂತ ಹತ್ತಿರದ ಬೇಲಿಯನ್ನು ಚೆಂಡು ದಾಟಿದರೆ ಅದು ಹೋಮ್ ರನ್ ಅಲ್ಲ, ಎರಡು ಬೇಸಿನ ಡಬಲ್ ಮಾತ್ರ. ಈ ನಿಯಮ ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಲೀಗ್‌ಗೆ ಅಂಕ ಬರೆದು ಕಳಿಸುವವನು ನೀನು. ಸುಮ್ಮನೆ ಕೇಳಿದೆ. ಒಂದು ಸಾಲಿನಲ್ಲಿ ಬರೆ.

ಆಂಟನ್


ಸ್ಟೋನ್ ಫೆರಿ
ಜೂನ್ 8

ಪ್ರಿಯ ಆಂಟನ್,

ಇನ್ನೂರೈವತ್ತೊಂದು ಅಡಿ. ಟೇಪಿನ ಆ ತುದಿ ಹಿಡಿದದ್ದು ಹಾರ್ಲನ್ ಬೆಕ್, ಈಗ ತಂಡದ ಸಮಿತಿಗೆ ಅವನೇ ಅಧ್ಯಕ್ಷ. ಈ ತುದಿ ನಾನು.

ಊರು ನಿನಗೆ ಗುರುತು ಸಿಗದಂತಾಗಿದೆ. ಯಂತ್ರಗಳು ನಿಂತಾಗಿನಿಂದ ಮುಖ ತಗ್ಗಿಸಿ ನಡೆಯುತ್ತಿದ್ದವರು ಈಗ ಮಧ್ಯಾಹ್ನವೇ ಮೈದಾನದ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ವಿಂಗಡಣೆ ಕೋಣೆಯ ಹೆಂಗಸರು ಕಾಫಿ ಡಬ್ಬಿಗಳಲ್ಲಿ ತೂತು ಚಿಪ್ಪು ತುಂಬಿಕೊಂಡು ಬರುತ್ತಾರೆ. ಎಮಿಲ್ ಬ್ಯಾಟು ಹಿಡಿದು ಬಂದಾಗ ಅವನ್ನು ಅಲ್ಲಾಡಿಸುತ್ತಾರೆ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತೆ ಶಬ್ದ. ಪಕ್ಕದ ಊರಿನ ಪಿಚರ್ ಒಬ್ಬ ಚೆಂಡು ಎಸೆಯದೆ ನಿಂತು, ಅಂಪೈರಿಗೆ ದೂರು ಕೊಟ್ಟ. ಅಂಪೈರ್, "ನಾನೇನು ಮಾಡ್ಲಿ, ನಮ್ಮತ್ತೇನೂ ಅಲ್ಲೇ ಕೂತಿದಾಳೆ" ಎಂದನಂತೆ.

ಬೇಲಿಯಾಚೆ ನದಿಯಲ್ಲಿ ದೋಣಿಗಳು. ಚಿಪ್ಪು ಹಿಡಿಯುವ ಕೆಲಸವಿಲ್ಲದವರು ಈಗ ಬಲೆ ಹಾಕಿ ಬೇಸ್‌ಬಾಲ್ ಹಿಡಿಯುತ್ತಾರೆ. ಒದ್ದೆ ಚೆಂಡು ತಂದುಕೊಟ್ಟವರಿಗೆ ಮರುದಿನದ ಆಟ ಬಿಟ್ಟಿ. ಹೋಮ್ ರನ್ ಹೊಡೆದವನು ಬೇಸುಗಳನ್ನು ಸುತ್ತಿ ಬಂದ ಮೇಲೆ ಪ್ರೇಕ್ಷಕರ ಮುಂದಿನ ತಂತಿ ಜಾಲರಿಯ ಉದ್ದಕ್ಕೂ ನಡೆಯುವ, ಜನ ಜಾಲರಿಯ ಕಣ್ಣಿನಲ್ಲಿ ಡಾಲರ್ ನೋಟು ಸುರುಳಿ ಮಾಡಿ ತೂರಿಸುವ ಹಳೆಯ ಪದ್ಧತಿ ಮತ್ತೆ ಬಂದಿದೆ. ಎಮಿಲ್ ಬೇಗ ಬೇಗ ನಡೆಯುತ್ತಾನೆ. ನಾಚಿಕೆ ಎಂದು ಎಲ್ಲರೂ ಹೇಳುತ್ತಾರೆ. ನೋಟುಗಳನ್ನು ಅವನು ತೆಗೆಯುವುದಿಲ್ಲ, ಲವೊನ್ ಆಮೇಲೆ ಬಂದು ಬಿಡಿಸಿಕೊಂಡು ಹೋಗುತ್ತಾಳೆ. ಅವಳಿಗೆ ದಿನ ತುಂಬುವುದು ನವೆಂಬರಿನಲ್ಲಿ. ಇದನ್ನು ಅವರೇ ಬರೆದಿರಬೇಕು.

ಇಲ್ಲಿಯವರೆಗೆ ತಂಡಕ್ಕೆ ನಲವತ್ತೊಂದು. ಎಮಿಲ್‌ಗೆ ಒಂಬತ್ತು.

ಆರ್ವಿಲ್


ಅರಿಜೋನಾ
ಜೂನ್ 29

ಆರ್ವಿಲ್,

ಇನ್ನೂರೈವತ್ತೊಂದು. ಸರಿ.

ಈಗ ನನ್ನ ವರಾಂಡದಲ್ಲಿ ಹನ್ನೆರಡೂ ಹಾಸಿಗೆ ಸ್ಟೋನ್ ಫೆರಿಯ ಅಭಿಮಾನಿಗಳು. ಟೆಕ್ಸಾಸಿನವನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾನೆ, ಒಂದು ಹೋಮ್ ರನ್‌ಗೆ ಒಂದು. ನರ್ಸ್ ಬೈದಳು, ಅಳಿಸಲಿಲ್ಲ.

ಎಮಿಲ್ ಬರೆದಿದ್ದ. ಮೇಲಿನ ಊರಿನ ಟ್ರ್ಯಾಕ್ಟರ್ ಕಾರ್ಖಾನೆಯವರು ಕರೆದಿದ್ದಾರಂತೆ. ಮೂರು ವರ್ಷ ಕಲಿಕೆ, ಆಮೇಲೆ ಖಾಯಂ. ಆಗಸ್ಟ್ ಹದಿನೈದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಎಂದರೆ ಬೇಸ್‌ಬಾಲ್ ಮುಗಿಯಿತು. ಅಪ್ಪಾ, ಏನು ಮಾಡಲಿ ಎಂದು ಕೇಳಿದ್ದಾನೆ. ಆರ್ವಿಲ್, ಆ ಹುಡುಗ ಹನ್ನೆರಡು ತುಂಬಿದ ಮೇಲೆ ನನ್ನನ್ನು ಏನನ್ನೂ ಕೇಳಿದವನಲ್ಲ.

ಬೇಡ ಎಂದು ಬರೆದೆ. ದೊಡ್ಡ ಲೀಗ್‌ನವರು ಬರುತ್ತಾರೆ, ಕಾದಿರು ಎಂದೆ. ಇಪ್ಪತ್ತಾರನೆಯ ವಯಸ್ಸಿಗೆ ನಾನು ಯಂತ್ರದ ಮುಂದೆ ಕೂತೆ. ಎದ್ದದ್ದು ರಕ್ತ ಉಗುಳಿದ ದಿನ. ಅವನಿಗೂ ಈಗ ಇಪ್ಪತ್ತಾರು. ಕೂರಿಸುವುದಿಲ್ಲ.

ಕಾಗದ ತಡ ಮಾಡಬೇಡ. ಇಲ್ಲಿ ಭಾನುವಾರಗಳು ಉದ್ದ.

ಆಂಟನ್


ಸ್ಟೋನ್ ಫೆರಿ
ಜುಲೈ 20

ಪ್ರಿಯ ಆಂಟನ್,

ದೊಡ್ಡ ಲೀಗ್‌ಗೆ ಆಟಗಾರರನ್ನು ಹುಡುಕುವ ಸ್ಕೌಟ್ ಚಿಕಾಗೋದಿಂದ ಬಂದಿದ್ದ. ಒಣಹುಲ್ಲಿನ ಟೋಪಿ, ಹಲ್ಲುಕಡ್ಡಿ, ಕಾಲಿನ ಮೇಲೆ ಕಾಲು. ಬೆಳಿಗ್ಗೆಯೇ ಊರಿಗೆಲ್ಲ ಗೊತ್ತಾಗಿತ್ತು. ಹಾರ್ಲನ್ ಬೆಕ್ ತನ್ನ ಮಾಂಸದಂಗಡಿ ಮುಚ್ಚಿ ಅವನ ಪಕ್ಕದಲ್ಲೇ ಕೂತ. ಎಮಿಲ್ ಮೊದಲ ಸರದಿಯಲ್ಲೇ ಒಂದು, ನಾಲ್ಕನೆಯದರಲ್ಲಿ ಇನ್ನೊಂದು ದಾಟಿಸಿದ. ಸ್ಕೌಟ್ ಆರನೆಯ ಸರದಿಯಲ್ಲಿ ಎದ್ದ. "ಏನ್ ಸ್ವಾಮಿ, ಇನ್ನೂ ಮೂರು ಸರದಿ ಇದೆ" ಎಂದ ಹಾರ್ಲನ್. "ನೋಡ್ದೆ" ಎಂದಷ್ಟೇ ಅವನು. ಹೋಗುವಾಗ ಬೇಲಿಯ ಪಕ್ಕದ ದಾರಿ ಹಿಡಿದ, ಅದು ನಿಲ್ದಾಣಕ್ಕೆ ಸುತ್ತು ದಾರಿ. ನಿಧಾನವಾಗಿ, ಒಂದೇ ಅಳತೆಯ ಹೆಜ್ಜೆಗಳನ್ನಿಡುತ್ತಾ ನಡೆದ. ಯಾರೂ ನೋಡಲಿಲ್ಲ.

ಕಾಗದ ಬರೆಯುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದಾರೆ.

ನಮ್ಮೂರಿನಲ್ಲಿ ಆಡಿದಾಗ ಹೀಗೆ. ಬೇರೆ ಊರುಗಳಲ್ಲಿ ಎಮಿಲ್‌ನ ಹೊಡೆತಗಳು ಅಷ್ಟು ಹೋಗುತ್ತಿಲ್ಲ. ಇಪ್ಪತ್ತೆರಡರಲ್ಲಿ ಎರಡು ಮಾತ್ರ ಹೊರಗಿನವು. ಅಲ್ಲಿಯ ಗಾಳಿ ಎದುರಿಗೆ ಬೀಸುತ್ತದೆ ಎನ್ನುತ್ತಾರೆ.

ಟ್ರ್ಯಾಕ್ಟರ್ ಕಾರ್ಖಾನೆಯ ವಿಷಯ ನೀನು ಇನ್ನೊಮ್ಮೆ ಯೋಚಿಸಬೇಕು. ಮಗು ಬರುತ್ತಿದೆ. ಚಿಪ್ಪಿನ ಧೂಳು ಅಲ್ಲಿಲ್ಲ, ಕಬ್ಬಿಣದ ಕೆಲಸ, ಎತ್ತರದ ಮಾಡು, ದೊಡ್ಡ ಕಿಟಕಿಗಳು. ನಾನು ಹೋಗಿ ನೋಡಿಬಂದೆ. ಅವನು ನಿನ್ನ ಮಾತು ಮಾತ್ರ ಕೇಳುತ್ತಾನೆ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಆರ್ವಿಲ್


ಅರಿಜೋನಾ
ಆಗಸ್ಟ್ 1

ಆರ್ವಿಲ್,

ಕೈಬರಹ ನರ್ಸ್‌ದು. ನನ್ನ ಹೆಬ್ಬೆರಳಿಗೆ ಬ್ಯಾಂಡೇಜು, ಬೇರೇನಿಲ್ಲ.

ನೀನು ಹೋಗಿ ಕಿಟಕಿ ನೋಡಿಬಂದೆ. ಯಾರು ಕೇಳಿದ್ದರು ನಿನ್ನನ್ನು? ನಿನಗೆ ಮಗನಿಲ್ಲ. ಮಗನ ಹೆಸರನ್ನು ಮುನ್ನೂರು ಜನ ಒಟ್ಟಿಗೆ ಕೂಗಿದರೆ ಹೇಗಿರುತ್ತದೆ ಎಂದು ನಿನಗೆ ತಿಳಿಯುವುದಿಲ್ಲ. ನೀನು ಅದನ್ನು ಪೆನ್ಸಿಲಿನಲ್ಲಿ ಒಂದು ಚೌಕದೊಳಗೆ ಬರೆಯುತ್ತೀ. ಅವನಿಗೆ ನಾನು ಮತ್ತೆ ಬರೆದಿದ್ದೇನೆ, ಕಾರ್ಖಾನೆಗೆ ಬೇಡ ಎಂದು ಇವತ್ತೇ ಹೇಳು ಎಂದು. ಅಂಕದ ಹಾಳೆ ಮಾತ್ರ ಕಳಿಸು. ಸಲಹೆ ಬೇಡ.

ಆಂಟನ್ ವಾವ್ರಾ


ಸ್ಟೋನ್ ಫೆರಿ
ಆಗಸ್ಟ್ 9

ಪ್ರಿಯ ಆಂಟನ್,

ಹೆಬ್ಬೆರಳು ಬೇಗ ವಾಸಿಯಾಗಲಿ.

ನನಗೆ ಮಗನಿಲ್ಲ ಎಂಬುದು ಸರಿ. ಅದನ್ನು ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಚೌಕದ ವಿಷಯ ಹೇಳಬೇಕು. ಆ ಚೌಕದಲ್ಲಿ ನಾನು ಬರೆದದ್ದು ಸುಳ್ಳು.

ಬೇಲಿ ಇರುವುದು ಇನ್ನೂರ ನಲವತ್ತಮೂರು ಅಡಿಯಲ್ಲಿ. ಏಪ್ರಿಲ್ ಇಪ್ಪತ್ತೊಂಬತ್ತರಂದು ಹಾರ್ಲನ್ ಮತ್ತು ನಾನು ಅಳೆದೆವು. ಅದರಾಚೆ ಕಂಬ ನೆಡಲು ನೆಲವೇ ಇರಲಿಲ್ಲ, ಕೆಸರು. ನಾನು ಸಂಖ್ಯೆ ಓದಿದೆ. ಹಾರ್ಲನ್ ಟೇಪು ಸುತ್ತುತ್ತಾ, "ಏಳಡಿಗೆ ಯಾರು ಅಳ್ತಾರೆ ಆರ್ವಿಲ್, ಯಂತ್ರ ನಿಲ್ತು, ಇದೂ ನಿಂತ್ರೆ ಜನ ಭಾನುವಾರ ಎಲ್ಲಿಗೆ ಹೋಗ್ಬೇಕು" ಎಂದ. ಡಬಲ್ ನಿಯಮ ಹೇಳಿದರೆ ಊರವರು ನಗುತ್ತಾರೆ, ಹೊರಗಿನವರು ಆಡಲು ಬರುವುದಿಲ್ಲ ಎಂದ. ಆ ಹೊತ್ತಿಗೆ ಅದು ಲೀಗ್‌ಗೆ ಕಳಿಸುವ ನಮೂನೆಯಲ್ಲಿ ತುಂಬಬೇಕಾದ ಒಂದು ಖಾಲಿ ಜಾಗ ಮಾತ್ರವಾಗಿತ್ತು. ಯಾರೋ ಎಡಗೈ ಬ್ಯಾಟುಗಾರ ಬಲಗಡೆಯ ಆ ಬೇಲಿಗೆ ಹೊಡೆಯುತ್ತಾನೆ, ಅವನು ಎಮಿಲ್ ಆಗಿರುತ್ತಾನೆ ಎಂದು ನನಗೆ ಹೊಳೆಯಲೇ ಇಲ್ಲ. ಇನ್ನೂರೈವತ್ತೊಂದು ಎಂದು ಬರೆದೆ. ಇನ್ನೂರೈವತ್ತು ಎಂದು ಬರೆದಿದ್ದರೆ ಅನುಮಾನ ಬರುತ್ತದೆ, ಒಂದು ಹೆಚ್ಚಿದ್ದರೆ ನಂಬುತ್ತಾರೆ ಎಂಬಷ್ಟು ಯೋಚನೆಯನ್ನು ಮಾತ್ರ ಮಾಡಿದ್ದೆ.

ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊರಗಿನ ತಂಡಗಳೂ ಇಲ್ಲಿ ಬಂದು ದಾಟಿಸಿ ಖುಷಿಯಾಗಿ ಹೋಗುತ್ತವೆ. ಸ್ಕೌಟ್ ಹೆಜ್ಜೆ ಎಣಿಸಿದ. ಅವನಿಂದ ಕಾಗದ ಬರುವುದಿಲ್ಲ. ಯಾವ ಸ್ಕೌಟೂ ಬರುವುದಿಲ್ಲ.

ಎಮಿಲ್‌ಗೆ ನಾನೇ ಹೇಳಬೇಕಿತ್ತು. ಎರಡು ಸಲ ಅವನ ಮನೆ ಮೆಟ್ಟಿಲವರೆಗೆ ಹೋದೆ. ಒಮ್ಮೆ ಟೊಮೇಟೊ ಗಿಡದ ಬಗ್ಗೆ ಮಾತಾಡಿದೆವು. ಇನ್ನೊಮ್ಮೆ ಅವನು ತೊಟ್ಟಿಲಿಗೆ ಬಣ್ಣ ಹೊಡೆಯುತ್ತಿದ್ದ, ನಾನು ಬ್ರಷ್ ಹಿಡಿದು ಕೂತೆ.

ಅವನು ಕಾರ್ಖಾನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಲವೊನ್ ಹೇಳಿದಳು. ಹದಿನೈದರವರೆಗೆ ಸಮಯವಿದೆ. ಬೇಲಿಯ ಸಂಗತಿ ಅವನಿಗೆ ಹೇಳಬೇಕಾಗಿಲ್ಲ, ಅದನ್ನು ಆಮೇಲೆ ನಾನು ಹೊರುತ್ತೇನೆ. ನೀನು ಒಂದು ತಂತಿ ಕಳಿಸು. ಕೆಲಸ ತೆಗೆದುಕೋ, ಅಷ್ಟೇ. ಎರಡು ಪದ.

ಆರ್ವಿಲ್


ಅರಿಜೋನಾ
ಆಗಸ್ಟ್ 25

ಆರ್ವಿಲ್,

ನಿನ್ನ ಕಾಗದ ಹನ್ನೆರಡಕ್ಕೇ ಬಂದಿತ್ತಂತೆ. ನನ್ನ ಕೈಗೆ ಬಂದದ್ದು ಇವತ್ತು. ಒಂಬತ್ತರಂದು ರಕ್ತ ಹೋಗಿತ್ತು, ತುಂಬ. ಅಂಥವರಿಗೆ ಇಲ್ಲಿ ಕಾಗದ ಕೊಡುವುದಿಲ್ಲ; ಒಳ್ಳೆಯ ಸುದ್ದಿಯೂ ಎದೆಗೆ ಕೆಟ್ಟದ್ದು ಎಂದು ಅವರ ಲೆಕ್ಕ. ಹೆಬ್ಬೆರಳಿಗೆ ಏನೂ ಆಗಿರಲಿಲ್ಲ. ಎರಡು ಪೌಂಡೂ ಏರಿರಲಿಲ್ಲ.

ಹದಿನೈದು ದಾಟಿ ಹತ್ತು ದಿನವಾಯಿತು. ಎಮಿಲ್ ಬೇಡ ಎಂದು ಹೇಳಿದನಂತೆ, ಅವನ ಕಾಗದವೂ ಇವತ್ತೇ ಸಿಕ್ಕಿತು. ನೀವು ಹೇಳಿದ ಹಾಗೇ ಮಾಡಿದೆ ಅಪ್ಪ ಎಂದು ಬರೆದಿದ್ದಾನೆ.

ನೀನು ಅಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಕಾಲುದಾರಿ ಹೋದರೆ ಆ ದಂಡೆಯಲ್ಲಿ ಇನ್ನೂರ ನಲವತ್ತೈದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ನಡೆಯಬಲ್ಲೆ, ಎಲ್ಲಿ ತಿರುಗಿಸಬೇಕು ಎಂದು ಕಾಲಿಗೆ ಗೊತ್ತಿದೆ. ಒಂದು ಸಾಲಿನಲ್ಲಿ ಬರೆ ಎಂದು ನಿನ್ನನ್ನು ಕೇಳಿದ್ದು ಅದಕ್ಕೇ. ಉದ್ದ ಬರೆಯಲು ಬಿಟ್ಟರೆ ನೀನು ನಿಜ ಹೇಳಿಬಿಡುತ್ತೀ. ನಿನ್ನ ಸಂಖ್ಯೆ ಬಂದಾಗ ನನಗೆ ಹಗುರವಾಯಿತು. ಒಬ್ಬನು ಬರೆದು ಕೊಟ್ಟ ಮೇಲೆ ಇನ್ನೊಬ್ಬನು ನಂಬಬಹುದು.

ಆಮೇಲೆ ನಂಬಿದೆ. ಅದು ಹೇಗೆ ಎಂದು ನನ್ನನ್ನು ಕೇಳಬೇಡ. ಗೋಡೆಯ ಮೇಲೆ ಗೀಟುಗಳಿದ್ದವು.

ನಿನಗೆ ಮಗನಿಲ್ಲ ಎಂಬ ಮಾತನ್ನು ನರ್ಸ್ ಬರೆಯಲು ಒಪ್ಪಿರಲಿಲ್ಲ. ನಾನು ಗದರಿಸಿ ಬರೆಸಿದೆ.

ಅವನಿಗೆ ಏನು ಹೇಳಲಿ ಎಂದು ನನಗೆ ಗೊತ್ತಿಲ್ಲ. ಅಂಕದ ಪುಸ್ತಕ ನಿನ್ನ ಕೈಯಲ್ಲಿದೆ.

ಆಂಟನ್


ಸ್ಟೋನ್ ಫೆರಿ
ಸೆಪ್ಟೆಂಬರ್ 10

ಪ್ರಿಯ ಆಂಟನ್,

ಒಂದನೆಯ ತಾರೀಖಿಗೆ ಆಟಗಳು ಮುಗಿದವು. ಕೊನೆಯ ದಿನ ಜನ ಬೇಲಿಯ ಮೇಲೂ ಕೂತಿದ್ದರು. ಎಮಿಲ್‌ಗೆ ಮೂವತ್ತನಾಲ್ಕನೆಯದು ಬಂತು. ಅವನ ಟೋಪಿಯನ್ನು ಯಾರೋ ಕಿತ್ತುಕೊಂಡು ಹೋದರು.

ಮರುದಿನ ಮಧ್ಯಾಹ್ನ ಅವನು ವಿಂಗಡಣೆಯ ಕೋಣೆಗೆ ಬಂದ. ನಾನು ಒಬ್ಬನೇ ಇದ್ದೆ. ಗುಂಡಿಗಳ ತಟ್ಟೆ ಸರಿಸಿ ಮೇಜಿನ ಮೇಲೆ ಕೂತ.

"ಪುಸ್ತಕ ತೆಗೀರಿ ಟುಫ್ಟೆಯವರೇ."

"ಯಾಕೆ?"

"ತೆಗೀರಿ. ಬಲಗಡೆ ಹೋಗಿರೋದೆಲ್ಲ ಡಬಲ್ ಅಂತ ಬರೀರಿ."

ನಾನು ತೆಗೆಯಲಿಲ್ಲ. ಯಾವತ್ತಿನಿಂದ ಗೊತ್ತು ಎಂದು ಕೇಳಿದೆ.

"ಮೊದಲನೇದು ಹೊಡೆದಾಗ್ಲೇ. ಕೈಗೆ ಗೊತ್ತಾಗತ್ತೆ. ಅದು ಹೋದ ವರ್ಷ ಹುಲ್ಲಿನ ಮೇಲೆ ಕ್ಯಾಚ್ ಹಿಡೀತಿದ್ದ ಚೆಂಡು. ಜನ ಎದ್ದು ನಿಂತ್ರು, ನಾನು ಓಡ್ದೆ. ಏನ್ಮಾಡ್ಲಿ, ನಿಂತ್ಕೊಂಡು ಬೇಡ ಅನ್ಲಾ?"

"ಆಮೇಲೆ ಹೇಳಬಹುದಿತ್ತಲ್ಲಪ್ಪ."

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನರ್ಸ್ ಕಾಗದ ಬಂತು. ನಿಮ್ಮ ಅಂಕದ ಹಾಳೆ ಬಂದ ದಿನ ಅಪ್ಪ ತಟ್ಟೆ ಖಾಲಿ ಮಾಡ್ತಾರಂತೆ. ಬೇರೆ ದಿನ ಮುಟ್ಟಲ್ವಂತೆ."

ನಾನು ಕೆಲಸದ ವಿಷಯ ಎತ್ತಿದೆ. ಅದನ್ನಾದರೂ ತೆಗೆದುಕೊಳ್ಳಬಹುದಿತ್ತು ಎಂದೆ. ಅವನು ತಟ್ಟೆಯಿಂದ ಒಂದು ಗುಂಡಿ ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದ.

"ತಗೊಂಡಿದ್ರೆ ಯಾಕೆ ತಗೊಂಡೆ ಅಂತ ಅಪ್ಪನಿಗೆ ಹೇಳ್ಬೇಕಾಗ್ತಿತ್ತು. ಹದಿನಾಲ್ಕನೇ ತಾರೀಖಿನವರೆಗೂ ಕಾದೆ. ಆಟ ಬಿಡು, ಕೆಲಸಕ್ಕೆ ಹೋಗು ಅಂತ ಅವರೇ ಬರೀತಾರೇನೋ ಅಂತ. ಬರೀಲಿಲ್ಲ."

ಆ ಹೊತ್ತಿಗೆ ನೀನು ರಕ್ತ ಉಗುಳಿ ಮಲಗಿದ್ದೆ, ನನ್ನ ಕಾಗದ ಯಾರದೋ ಮೇಜಿನ ಖಾನೆಯಲ್ಲಿತ್ತು ಎಂದು ಹೇಳಿದೆ. ಅವನು ಕೇಳಿಸಿಕೊಂಡ. ನಿನಗೂ ಮೇ ತಿಂಗಳಲ್ಲೇ ತಿಳಿದಿತ್ತು ಎಂಬುದನ್ನೂ ಹೇಳಿದೆ. ಮುಚ್ಚಿಡುವುದು ನನ್ನಿಂದ ಇನ್ನು ಸಾಧ್ಯವಿರಲಿಲ್ಲ. ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಮೇಜಿನಿಂದ ಇಳಿದು ಕಿಟಕಿಯ ಹತ್ತಿರ ಹೋಗಿ ನಿಂತ, ಅಷ್ಟೇ. ಅವನ ಬೆನ್ನು ನಿನ್ನದೇ.

ಸಂಜೆ ಲವೊನ್ ಬಂದಳು. ಬಾಗಿಲಲ್ಲೇ ನಿಂತು ಮಾತಾಡಿದಳು. "ಮೂರು ಜನ ಗಂಡಸರು. ಮೂವರಿಗೂ ಗೊತ್ತು. ಒಬ್ಬರಿಗೊಬ್ಬರು ಹೇಳದೆ ಬಾಯಿ ಮುಚ್ಕೊಂಡು ಕೂತು, ನನ್ನ ಮಗೂನ ತಂದು ಇಲ್ಲಿ ನಿಲ್ಸಿದೀರ. ನನ್ನನ್ನ ಯಾರಾದ್ರೂ ಕೇಳಿದ್ರಾ?" ನಾನು ಕುರ್ಚಿ ಎಳೆದೆ. ಅವಳು ಕೂರಲಿಲ್ಲ.

ಆ ರಾತ್ರಿಯೇ ತಿದ್ದಿ ಕಳಿಸಿದೆ, ಇನ್ನೂರ ನಲವತ್ತಮೂರು ಎಂಬ ಅಳತೆಯೊಂದಿಗೆ. ಲೀಗ್‌ನವರು ಗೆಲುವುಗಳನ್ನು ಮುಟ್ಟುವುದಿಲ್ಲವಂತೆ, ಆಟಗಾರರ ದಾಖಲೆ ಮಾತ್ರ ಬದಲಾಗುತ್ತದೆ. ಎಮಿಲ್‌ನ ಮೂವತ್ತನಾಲ್ಕರಲ್ಲಿ ಮೂವತ್ತೊಂದು ಹೋದವು. ಬೇರೆ ಊರಿನ ಮೂರು ಉಳಿದವು. ಅಂಕ ಬರೆಯುವ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ, ಅದು ನ್ಯಾಯ. ಹಾರ್ಲನ್ ಅಂಗಡಿಯಲ್ಲಿ ನನ್ನ ಸರದಿ ಬಂದಾಗ, "ನಿನಗೆ ಮಾಂಸ ಬೇಕಾದ್ರೆ ನದಿ ಆ ಕಡೆ ಹೋಗು, ಎಷ್ಟಡಿ ದೂರ ಅಂತ ಅಳೆದ್ಕೊಂಡ್ ಹೋಗು" ಎಂದ. ಹಿಂದೆ ನಿಂತವರು ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಇಷ್ಟು ದಿನ ಅವರಿಗೊಂದು ಬೇಸಿಗೆಯಿತ್ತು. ಈಗ ಕಾಫಿ ಡಬ್ಬಿಗಳಲ್ಲಿ ಮತ್ತೆ ಕಾಫಿ ಇದೆ.

ಎಮಿಲ್ ಜಲ್ಲಿ ಕ್ವಾರಿಗೆ ದಿನಗೂಲಿಗೆ ಹೋಗುತ್ತಿದ್ದಾನೆ. ಟ್ರ್ಯಾಕ್ಟರ್ ಕಾರ್ಖಾನೆಯವರನ್ನು ನಾನು ಕೇಳಿದೆ. ಮುಂದಿನ ವರ್ಷ ನೋಡೋಣ ಎಂದರು.

ಆರ್ವಿಲ್


ಅರಿಜೋನಾ
ಸೆಪ್ಟೆಂಬರ್ 19

ಆರ್ವಿಲ್,

ಸ್ವಂತ ಕೈಬರಹ. ಎರಡು ದಿನ ಹಿಡಿಯಿತು.

ಎಮಿಲ್ ಬರುತ್ತಿದ್ದಾನಂತೆ. ಬರಬೇಡ ಎಂದು ಹೇಳಿಸಿದೆ. ಬರುತ್ತಾನೆ. ನರ್ಸ್ ಕರೆಸಿದ್ದಾಳೆ ಎಂದರೆ ಏನರ್ಥ ಎಂದು ನನಗೂ ಗೊತ್ತು, ಟೆಕ್ಸಾಸಿನವನ ಮಗಳು ಬಂದಿದ್ದನ್ನು ಹೋದ ವಾರ ನೋಡಿದೆ. ಅವನ ಹಾಸಿಗೆಗೆ ಈಗ ಬೇರೆಯವನು. ಹೊಸಬನಿಗೆ ಬೇಸ್‌ಬಾಲ್ ಎಂದರೇನೇ ಗೊತ್ತಿಲ್ಲ, ಗೋಡೆಯ ಮೇಲಿನ ಗೀಟು ಏನು ಎಂದು ಕೇಳಿದ. ಜ್ವರದ ಲೆಕ್ಕ ಎಂದೆ.

ಎಮಿಲ್ ಬಂದಾಗ ಅವನ ಮುಖ ಹೇಗೆ ನೋಡಲಿ ಎಂದು ಯೋಚಿಸುತ್ತಾ ಮಲಗಿದ್ದೆ. ಏನಾದರೂ ಒಂದು ಕೊಡಬೇಕು ಅವನಿಗೆ. ಆಗ ಒಂದು ಹೊಳೆಯಿತು. ನೀನು ಅವನ ಮೂವತ್ತೊಂದು ಹೋಮ್ ರನ್ ಅಳಿಸಿ ಮೂವತ್ತೊಂದು ಡಬಲ್ ಬರೆದೆ. ಅದಕ್ಕೆ ಮೊದಲೇ ನಿಜವಾದ ಡಬಲ್‌ಗಳು ಮೂವತ್ತು ಇದ್ದವಲ್ಲ, ನಿನ್ನ ಹಾಳೆಗಳನ್ನೆಲ್ಲ ಹರಡಿಕೊಂಡು ನೋಡಿದೆ. ನೀನು ಕೂಡಿಸಿದೆಯಾ? ಅರವತ್ತೊಂದು. ಒಂದು ಬೇಸಿಗೆಯಲ್ಲಿ ಅರವತ್ತೊಂದು ಡಬಲ್. ನಿಯಮದ ಪ್ರಕಾರ, ಯಾರೂ ಬೆರಳು ತೋರಿಸದ ಹಾಗೆ. ಆ ಲೀಗ್‌ನಲ್ಲಿ ಅಷ್ಟು ಯಾರಾದರೂ ಹೊಡೆದಿದ್ದಾರಾ? ನನ್ನ ನೆನಪಿನಲ್ಲಿ ಐವತ್ತಕ್ಕೆ ಮೇಲೆ ಯಾರೂ ಇಲ್ಲ.

ಹಳೆಯ ಪುಸ್ತಕಗಳನ್ನು ನೋಡಿ ಬರೆ. ಬೇಗ ಬರೆ.

ಆಂಟನ್


ಸ್ಟೋನ್ ಫೆರಿ
ಸೆಪ್ಟೆಂಬರ್ 25

ಪ್ರಿಯ ಆಂಟನ್,

ಈ ಕಾಗದ ತಲುಪುವ ಹೊತ್ತಿಗೆ ಎಮಿಲ್ ನಿನ್ನ ಪಕ್ಕದಲ್ಲಿರುತ್ತಾನೆ. ಮಂಗಳವಾರ ರೈಲು ಹತ್ತಿಸಿದೆ. ಲವೊನ್ ಬ್ರೆಡ್ಡು, ಕುದಿಸಿದ ಮೊಟ್ಟೆ ಕಟ್ಟಿಕೊಟ್ಟಳು. ಅವನನ್ನು ಬೀಳ್ಕೊಡಲು ನಿಲ್ದಾಣಕ್ಕೆ ನಾವಿಬ್ಬರೇ. ಜುಲೈನಲ್ಲಾಗಿದ್ದರೆ ಊರೇ ಬರುತ್ತಿತ್ತು. ವಾಪಸು ನಡೆಯುವಾಗ ಅವಳು ನನ್ನ ತೋಳು ಹಿಡಿದುಕೊಂಡಳು. ರಸ್ತೆ ಕೆಸರಾಗಿದ್ದದ್ದಕ್ಕೆ ಇರಬೇಕು.

ನಿನಗೆ ಕಣ್ಣು ಮಂಜಾಗುತ್ತಿದೆ ಎಂದು ನರ್ಸ್ ಅವನಿಗೆ ಬರೆದಿದ್ದಾಳೆ. ಹಾಗಾಗಿ ಇದನ್ನು ಅವನೇ ನಿನಗೆ ಓದಿ ಹೇಳುತ್ತಿರುತ್ತಾನೆ. ನಾನು ಇಬ್ಬರಿಗೂ ಬರೆಯುತ್ತಿದ್ದೇನೆ.

ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಲೀಗ್‌ನ ವಾರ್ಷಿಕ ದಾಖಲೆ ಪುಸ್ತಕಗಳು ಮೊದಲ ವರ್ಷದಿಂದಲೂ ಇವೆ. ಎರಡು ದಿನ ರಜೆ ಹಾಕಿ ಕೂತೆ. ನನಗೆ ಈಗ ರಜೆ ಕೇಳಿದರೆ ಯಾರೂ ಕಾರಣ ಕೇಳುವುದಿಲ್ಲ. ಕಳೆದ ವರ್ಷದಿಂದ ಹಿಂದಕ್ಕೆ ಒಂದೊಂದೇ ವರ್ಷ ನೋಡುತ್ತಾ ಹೋದೆ. ವರ್ಷವರ್ಷದ ಅತಿ ಹೆಚ್ಚಿನ ಡಬಲ್‌ಗಳು ನಲವತ್ತು, ನಲವತ್ತನಾಲ್ಕು, ಮೂವತ್ತೊಂಬತ್ತು. ನೀನು ಹೇಳಿದ್ದು ಸರಿ, ಐವತ್ತು ದಾಟಿದವರು ಸಿಗಲಿಲ್ಲ. ಯುದ್ಧದ ವರ್ಷಗಳೂ ಮುಗಿದವು. ಎರಡನೆಯ ದಿನ ಮೂರು ಗಂಟೆಯ ಹೊತ್ತಿಗೆ ನಾನು ಕುರ್ಚಿಯ ತುದಿಗೆ ಬಂದಿದ್ದೆ. ನಾನು ಯಾವ ಆಟ ನೋಡುವಾಗಲೂ ಹಾಗೆ ಕೂತವನಲ್ಲ. ಮುನ್ನೂರು ಜನ ಕೂಗುವುದು ಹೇಗಿರುತ್ತದೆ ಎಂದು ಅಲ್ಲಿ, ಆ ಖಾಲಿ ಕೋಣೆಯಲ್ಲಿ, ನನಗೆ ಸ್ವಲ್ಪ ತಿಳಿಯಿತು.

ಆಮೇಲೆ ಸಿಕ್ಕಿತು. 1937. ಕ್ಲೆಮ್ ಓಸ್ಟರ್ ಎಂಬವನು, ಮೂರು ವರ್ಷ ಆಡಿ ಕಾಣೆಯಾದವನು. ನೀನಾಗಲಿ ನಾನಾಗಲಿ ಅವನ ಹೆಸರನ್ನೂ ನೆನಪಿಟ್ಟಿಲ್ಲ.

ಪುಸ್ತಕ ಮುಚ್ಚಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಈ ಕಾಗದವನ್ನು ಬೇರೆ ರೀತಿಯಲ್ಲಿ ಬರೆಯಬಹುದು. ಅಲ್ಲಿಗೆ ಹೋಗಿ ನೋಡುವವರು ಯಾರೂ ಇಲ್ಲ. ನೀನು ಕೇಳಿದ್ದೂ ಅದನ್ನೇ ಇರಬಹುದು. ಮೇ ತಿಂಗಳಲ್ಲಿ ನೀನು ಹೀಗೇ ಒಂದು ಸಂಖ್ಯೆ ಕೇಳಿದ್ದೆ, ನಾನು ಕೊಟ್ಟೆ. ಅದರಿಂದ ನಿನ್ನ ತಟ್ಟೆ ನಾಲ್ಕು ತಿಂಗಳು ಖಾಲಿಯಾಯಿತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ.

ಅವನದು ಅರವತ್ತಮೂರು. ನಮ್ಮದು ಎರಡು ಕಡಿಮೆ.

ಎಮಿಲ್, ಓದುವಾಗ ಬದಲಿಸಬೇಡ. ಅರವತ್ತಮೂರು ಎಂದೇ ಓದು.

ಆರ್ವಿಲ್